ಹಳೆಯ ಜೀಪು ಕೊಳ್ಳುವ ಮುನ್ನ: ತುಕ್ಕೋ, ಹೊಗೆಯೋ?

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಮಡಿಕೇರಿಗಳ ತೋಟದ ದಾರಿಗಳಲ್ಲಿ ಇಂದಿಗೂ ಹಳೆಯ ಜೀಪುಗಳು ದುಡಿಯುತ್ತಿವೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಉರುಳುಗಲ್ಲು, ವರ್ಷವಿಡೀ ಕಡಿದಾದ ಏರು. ಇಂಥ ಕಡೆ ಗೊಬ್ಬರದ ಮೂಟೆ, ಕಾಫಿ ಚೀಲ, ಕೆಲಸಗಾರರು ಎಲ್ಲವನ್ನೂ ಸಾಗಿಸಲು ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ವಾಹನವೇ ಬೇಕು. ಹೊಸದರ ಬೆಲೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿರುವುದರಿಂದ ಸಣ್ಣ ಹಿಡುವಳಿದಾರರ ಕಣ್ಣು ಸಹಜವಾಗಿಯೇ ಹಳೆಯ ವಾಹನಗಳ ಮೇಲೆ ಬೀಳುತ್ತದೆ.

ಹೀಗೆ ಹುಡುಕುತ್ತ ಹೊರಟ ನಿಮಗೆ ಎರಡು ವಾಹನಗಳು ಸಿಕ್ಕಿವೆ ಎಂದು ಭಾವಿಸಿ. ಒಂದು 1998ರ ಮಾರುತಿ ಜಿಪ್ಸಿ. ಇಂಜಿನ್ ಒಂದೇ ಸಲಕ್ಕೆ ಚಾಲೂ ಆಗುತ್ತದೆ, ಹೊಗೆಯಿಲ್ಲ, ಗೇರು ಬೆಣ್ಣೆಯಂತೆ ಬೀಳುತ್ತದೆ. ಆದರೆ ಹುಟ್ಟಿದಾಗಿನಿಂದ ಮಲೆನಾಡಿನ ಮಳೆಯಲ್ಲೇ ನೆಂದ ಗಾಡಿ. ಕೆಳಭಾಗದಲ್ಲಿ ತುಕ್ಕು ಕಾಣುತ್ತಿದೆ. ಇನ್ನೊಂದು 1990ರ ದಶಕದ ಆರಂಭದ ಮಹೀಂದ್ರ ಎಂಎಂ 540 ಡೀಸೆಲ್ ಜೀಪು. ಬಳ್ಳಾರಿಯ ಕಡೆಯ ಒಣ ಹವೆಯಲ್ಲಿ ಓಡಾಡಿದ್ದು, ತಗಡು, ಚಾಸಿಸ್ ಗಟ್ಟಿಯಾಗಿವೆ. ಆದರೆ ಬೆಳಿಗ್ಗೆ ಚಾಲೂ ಮಾಡಲು ಹರಸಾಹಸ, ನೀಲಿ ಹೊಗೆ, ಇಳಿಜಾರಿನಲ್ಲಿ ಎರಡನೆಯ ಗೇರು ತಾನಾಗಿ ಬಿಟ್ಟುಕೊಳ್ಳುತ್ತದೆ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಯಾವುದನ್ನು ಆರಿಸುತ್ತೀರಿ?

ಹೆಚ್ಚಿನವರು ಜಿಪ್ಸಿಯನ್ನೇ ಆರಿಸುತ್ತಾರೆ. ಇಂಜಿನ್ನಿನ ಸದ್ದು ಕಿವಿಗೆ ಬೀಳುತ್ತದೆ, ಹೊಗೆ ಕಣ್ಣಿಗೆ ರಾಚುತ್ತದೆ. ತುಕ್ಕು ಮಾತ್ರ ಸದ್ದಿಲ್ಲದೆ ಗಾಡಿಯ ಅಡಿಯಲ್ಲಿ ಅಡಗಿರುತ್ತದೆ. ಈ ಎರಡು ದೋಷಗಳ ಸ್ವಭಾವವೇನು, ಯಾವುದು ರಿಪೇರಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬುದನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ.

ಎರಡು ವಾಹನಗಳ ಪರಿಚಯ

ಜಿಪ್ಸಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1985ರ ಕೊನೆಯಲ್ಲಿ, 970 ಸಿಸಿ ಪೆಟ್ರೋಲ್ ಇಂಜಿನ್ನಿನೊಡನೆ. 1996ರಲ್ಲಿ 1298 ಸಿಸಿ ಇಂಜಿನ್ನಿನ ‘ಜಿಪ್ಸಿ ಕಿಂಗ್’ ಬಂತು. ಇದು ಎಸ್ಟೀಮ್ ಕಾರಿನ ಇಂಜಿನ್ ಕುಟುಂಬಕ್ಕೇ ಸೇರಿದ್ದರಿಂದ ಬಿಡಿಭಾಗಗಳಿಗೆ ಅಷ್ಟಾಗಿ ಪರದಾಟವಿರಲಿಲ್ಲ. 2000ದ ಸುಮಾರಿಗೆ ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂತು. 2019ರಲ್ಲಿ ಖಾಸಗಿ ಗ್ರಾಹಕರಿಗೆ ಇದರ ಮಾರಾಟ ನಿಂತಿತು. ಸುಮಾರು ಒಂದು ಟನ್ ತೂಕದ ಈ ವಾಹನಕ್ಕೆ ಹಗುರವೇ ಬಲ. ಕೆಸರಿನಲ್ಲಿ ಭಾರದ ಗಾಡಿಗಳು ಹೂತುಕೊಳ್ಳುವ ಕಡೆ ಇದು ದಾಟಿಬಿಡುತ್ತದೆ.

ಎಂಎಂ 540ರ ವಂಶ ಇನ್ನೂ ಹಳೆಯದು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಪರಂಪರೆಯನ್ನು 1940ರ ದಶಕದ ಕೊನೆಯಲ್ಲಿ ಭಾರತಕ್ಕೆ ತಂದದ್ದು ಮಹೀಂದ್ರ ಸಂಸ್ಥೆ. ಎಂಎಂ 540ರಲ್ಲಿರುವುದು ಫ್ರಾನ್ಸಿನ ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್ ಇಂಜಿನ್. ವೇಗ ಕಡಿಮೆ, ಸದ್ದು ಜಾಸ್ತಿ. ಆದರೆ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಮಲೆನಾಡಿನ ಸಣ್ಣ ಪೇಟೆಗಳಲ್ಲೂ ಸಿಗುತ್ತಾರೆ.

ಎರಡಕ್ಕೂ ಸಾಮಾನ್ಯವಾದ ಒಂದು ಅಂಶವಿದೆ. ಈಗಿನ ಬಹುತೇಕ ಕಾರುಗಳಲ್ಲಿ ತಗಡಿನ ಮೈಯೇ ಭಾರ ಹೊರುತ್ತದೆ. ಈ ಎರಡರಲ್ಲಿ ಹಾಗಲ್ಲ. ಏಣಿಯನ್ನು ಮಲಗಿಸಿದಂತಿರುವ ಉಕ್ಕಿನ ಚೌಕಟ್ಟು, ಅಂದರೆ ಚಾಸಿಸ್, ಎಲ್ಲ ಭಾರವನ್ನೂ ಹೊರುತ್ತದೆ. ಇಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗ್ ಪ್ಲೇಟುಗಳು, ಸ್ಟಿಯರಿಂಗ್, ಮೇಲಿನ ತಗಡು ಎಲ್ಲವನ್ನೂ ಇದಕ್ಕೇ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಬಿಗಿದದ್ದನ್ನು ಬಿಚ್ಚಿ ಬದಲಿಸಬಹುದು. ಚೌಕಟ್ಟೇ ಹಾಳಾದರೆ ಏನು ಮಾಡುವುದು?

ತುಕ್ಕಿನ ಲೆಕ್ಕ

ತುಕ್ಕು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆ. ಒದ್ದೆಯಾದ ಉಕ್ಕಿನ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ನೀರಿನಲ್ಲಿ ಕರಗುತ್ತವೆ. ಇನ್ನೊಂದು ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ಪಡೆಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕರಗುವುದು ಆಮ್ಲಜನಕ ಕಡಿಮೆ ಇರುವ ಜಾಗದ ಕಬ್ಬಿಣ. ಹಾಗಾಗಿ ಕೆಸರು ಮೆತ್ತಿಕೊಂಡ ಕಡೆ, ಎರಡು ತಗಡುಗಳ ಸಂದಿನಲ್ಲಿ, ಬಣ್ಣದ ಅಡಿಯಲ್ಲಿ, ಎಂದರೆ ಕಣ್ಣಿಗೆ ಕಾಣದ ಕಡೆಯೇ ತುಕ್ಕು ಹೆಚ್ಚು ಆಳಕ್ಕೆ ಇಳಿಯುತ್ತದೆ. ಕರಾವಳಿಯ ಗಾಡಿಗಳಲ್ಲಿ ಉಪ್ಪು ಸೇರಿ ಈ ಕ್ರಿಯೆ ಇನ್ನೂ ಚುರುಕಾಗುತ್ತದೆ.

ಜಿಪ್ಸಿಯ ಚಾಸಿಸ್ ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಉಕ್ಕಿನ ಕೊಳವೆ. ತಿರುಚುವ ಬಲವನ್ನು ತಡೆಯಲು ಇದು ಉತ್ತಮ ಆಕಾರ. ಆದರೆ ನೀರು ಹೊರಹೋಗಲು ಬಿಟ್ಟಿರುವ ತೂತುಗಳು ಕೆಸರಿನಿಂದ ಮುಚ್ಚಿಹೋದರೆ ಒಳಗೆ ಸದಾ ತೇವ. ಹೊರಗಿನಿಂದ ಕಪ್ಪು ಬಣ್ಣ ಹೊಳೆಯುತ್ತಿದ್ದರೂ ಒಳಗಿನಿಂದ ಉಕ್ಕು ತೆಳುವಾಗುತ್ತಿರುತ್ತದೆ. ಹಳೆಯ ಜೀಪಿನ ಚಾಸಿಸ್ ಬಹುಪಾಲು ಒಂದು ಕಡೆ ತೆರೆದಿರುವ ತೊಟ್ಟಿಯಾಕಾರದ್ದು. ಅದಕ್ಕೂ ತುಕ್ಕು ಹಿಡಿಯುತ್ತದೆ, ಆದರೆ ಕಾಣುವಂತೆ ಹಿಡಿಯುತ್ತದೆ, ತೊಳೆಯಬಹುದು, ಉಜ್ಜಬಹುದು.

ಉಕ್ಕು ತೆಳುವಾದರೆ ಏನಾಗುತ್ತದೆ? 3 ಮಿಲಿಮೀಟರ್ ದಪ್ಪದ ಗೋಡೆ 1.5 ಮಿಲಿಮೀಟರಿಗೆ ಇಳಿದಿದೆ ಎಂದಿಟ್ಟುಕೊಳ್ಳೋಣ. ಅದೇ ಭಾರಕ್ಕೆ ಪ್ರತಿ ಚದರ ಮಿಲಿಮೀಟರ್ ಉಕ್ಕಿನ ಮೇಲೆ ಬೀಳುವ ಬಲ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೆ ಆಯುಷ್ಯವೂ ಅರ್ಧವೇ? ಅಲ್ಲ. ಗುಂಡಿಯಿಂದ ಗುಂಡಿಗೆ ಲಕ್ಷಾಂತರ ಬಾರಿ ಬಾಗಿ ನೆಟ್ಟಗಾಗುವ ಲೋಹ ದಣಿಯುತ್ತದೆ. ಬೆಸುಗೆ ಹಾಕಿದ ಉಕ್ಕಿನ ಕೀಲುಗಳಲ್ಲಿ ಈ ದಣಿವಿನ ಆಯುಷ್ಯವು ಬಲದ ಮೂರನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಬಲ ಎರಡು ಪಟ್ಟಾದರೆ ಆಯುಷ್ಯ ಎಂಟರಲ್ಲಿ ಒಂದು ಪಾಲು ಮಾತ್ರ! ತುಕ್ಕು ತಿಂದ ಗುಳಿಗಳ ಅಂಚಿನಲ್ಲಿ ಬಲ ಇನ್ನೂ ಸಾಂದ್ರಗೊಳ್ಳುವುದರಿಂದ ಬಿರುಕು ಮೊದಲು ಮೂಡುವುದೂ ಅಲ್ಲಿಯೇ. ಸ್ಪ್ರಿಂಗ್ ಪ್ಲೇಟಿನ ಕೊಂಡಿ ಅಥವಾ ಸ್ಟಿಯರಿಂಗ್ ಪೆಟ್ಟಿಗೆ ಚಾಸಿಸ್‌ಗೆ ಸೇರುವ ಜಾಗ ಇಳಿಜಾರಿನಲ್ಲಿ ಮುರಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ತುಕ್ಕಿನ ಇನ್ನೊಂದು ಸ್ವಭಾವವೆಂದರೆ ಅದಕ್ಕೆ ರಜೆಯಿಲ್ಲ. ಇಂಜಿನ್ ಓಡಿದಾಗ ಮಾತ್ರ ಸವೆಯುತ್ತದೆ. ಚಾಸಿಸ್ ಕೊಟ್ಟಿಗೆಯಲ್ಲಿ ನಿಂತಿದ್ದರೂ ಸವೆಯುತ್ತಿರುತ್ತದೆ. ‘ಗಾಡಿ ಹೆಚ್ಚು ಓಡಿಲ್ಲ ಸಾರ್’ ಎಂಬ ಮಾತು ಇಂಜಿನ್ನಿನ ಮಟ್ಟಿಗೆ ನಿಜವಿರಬಹುದು, ಚಾಸಿಸ್‌ನ ಮಟ್ಟಿಗೆ ಅದಕ್ಕೆ ಅರ್ಥವಿಲ್ಲ.

ಹೊಗೆ ಏನು ಹೇಳುತ್ತದೆ?

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಿಂಪಡಿಸಿದ ಡೀಸೆಲ್ ಆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗುಗಳೂ ಸಿಲಿಂಡರಿನ ಗೋಡೆಯೂ ಸವೆದರೆ ಗಾಳಿ ಸಂದಿನಿಂದ ಸೋರುತ್ತದೆ. ಅದುಮುವಿಕೆ ಸಾಲದೆ ಬಿಸಿ ಏರುವುದಿಲ್ಲ. ಚಳಿಯ ಬೆಳಗಿನಲ್ಲಿ ಜೀಪು ಹಟ ಹಿಡಿಯುವುದು ಇದರಿಂದ. ಆದರೆ ಹೀಟರ್ ಪ್ಲಗ್ ಸುಟ್ಟಿದ್ದರೂ ಬ್ಯಾಟರಿ ದುರ್ಬಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅವುಗಳ ರಿಪೇರಿ ತೀರ ಅಗ್ಗ. ಆದ್ದರಿಂದ ಹೊಗೆಯ ಬಣ್ಣವನ್ನೂ ನೋಡಬೇಕು.

ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಎಂದು ಅರ್ಥ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ನಾಜಲ್ ಕೆಟ್ಟಿರಬಹುದು, ಪಂಪಿನ ಹೊಂದಾಣಿಕೆ ತಪ್ಪಿರಬಹುದು. ಚಾಲೂ ಮಾಡಿದಾಗ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಅದು ಉರಿಯದೆ ಹೋದ ಡೀಸೆಲ್. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಒಡೆದಿರುವ ಅಥವಾ ಹೆಡ್ ಬಿರುಕು ಬಿಟ್ಟಿರುವ ಸಂಶಯ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ರಿಂಗು ಇಲ್ಲವೇ ವಾಲ್ವ್ ಗೈಡ್ ಸವೆದಿದೆ.

ನಮ್ಮ ಉದಾಹರಣೆಯ ಜೀಪಿನಲ್ಲಿ ಕಾಣುವುದು ನೀಲಿ ಹೊಗೆ. ಬೋರ್ ಕೆಲಸ, ಹೊಸ ಪಿಸ್ಟನ್, ರಿಂಗು, ಬೇರಿಂಗ್ ಎಲ್ಲವೂ ಬೇಕಾದೀತು. ಖರ್ಚು ದೊಡ್ಡದೇ. ಆದರೆ ಮೂರು ಸಮಾಧಾನಗಳಿವೆ. ಖರ್ಚು ಎಷ್ಟೆಂದು ಮೊದಲೇ ಅಂದಾಜು ಮಾಡಿಸಬಹುದು. ಕೆಲಸ ಮುಗಿದ ಮೇಲೆ ದೋಷ ನಿಜವಾಗಿಯೂ ಹೋಗುತ್ತದೆ. ಅಲ್ಲಿಯವರೆಗೂ ಇಂಜಿನ್ ಎಚ್ಚರಿಕೆ ಕೊಡುತ್ತಲೇ ಇರುತ್ತದೆ, ಸಾಮಾನ್ಯವಾಗಿ ಏಕಾಏಕಿ ಕೈಕೊಡುವುದಿಲ್ಲ. ಗೇರು ಬಿಟ್ಟುಕೊಳ್ಳುವುದೂ ಇದೇ ಜಾತಿಯ ದೋಷ. ಗೇರಿನ ಹಲ್ಲು, ಸಿಂಕ್ರೊನೈಸರ್, ಬೇರಿಂಗ್ ಬದಲಿಸಿದರೆ ಸರಿಹೋಗುತ್ತದೆ. ಆದರೆ ಇಳಿಜಾರಿನಲ್ಲಿ ಗೇರು ಬಿಟ್ಟುಕೊಂಡರೆ ಇಂಜಿನ್ನಿನ ಹಿಡಿತ ಒಮ್ಮೆಲೇ ತಪ್ಪುವುದರಿಂದ, ಅದನ್ನು ಸರಿಪಡಿಸದೆ ತೋಟದ ದಾರಿಗೆ ಇಳಿಸಬಾರದು.

ನೀವೇ ಮಾಡಬಹುದಾದ ಪರೀಕ್ಷೆಗಳು

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಮೊದಲು ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಮಾರುವವರು ಮೊದಲೇ ಚಾಲೂ ಮಾಡಿಟ್ಟಿದ್ದಾರೆ ಎಂದರ್ಥ. ಆರಿದ ಮೇಲೆ ಮತ್ತೆ ನೋಡುವುದೇ ಲೇಸು. ಜೊತೆಗೆ ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಒಂದು ಆಯಸ್ಕಾಂತ, ಮಲಗಲು ಗೋಣಿಚೀಲ ಇರಲಿ.

ಚಾಸಿಸ್: ಗಾಡಿಯ ಅಡಿಗೆ ಹೋಗಿ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ. ಕೊಳೆತ ಉಕ್ಕು ‘ಡಬ್’ ಎನ್ನುತ್ತದೆ, ಒಳಗೆ ತುಕ್ಕಿನ ಪುಡಿ ಉದುರುವ ಸದ್ದೂ ಕೇಳೀತು. ಹಿಂದಿನ ಸ್ಪ್ರಿಂಗ್ ಕೊಂಡಿಗಳು, ಅಡ್ಡಪಟ್ಟಿಗಳು ಸೇರುವ ಜಾಗ, ಸ್ಟಿಯರಿಂಗ್ ಪೆಟ್ಟಿಗೆಯ ಬುಡ ಈ ಮೂರನ್ನು ಬಿಡದೆ ನೋಡಿ. ಸಂಶಯವಿದ್ದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ; ತುದಿ ಒಳಗಿಳಿದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಹೊಸದಾಗಿ ಕಪ್ಪು ಬಣ್ಣ ಅಥವಾ ಡಾಂಬರು ಬಳಿದ ಚಾಸಿಸ್ ಕಂಡರೆ ಎಚ್ಚರಿಕೆ ಇಮ್ಮಡಿಯಾಗಲಿ. ಆಯಸ್ಕಾಂತ ಅಂಟದ ಕಡೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ ಎಂದು ತಿಳಿಯಿರಿ.

ಇಂಜಿನ್: ಚಾಲೂ ಇರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಬೋರಲಾಗಿ ಅದೇ ಬಾಯಿಯ ಮೇಲಿಡಿ. ಮುಚ್ಚಳ ಕುಣಿದು ಹೊಗೆ ಭುಸುಗುಟ್ಟಿದರೆ ರಿಂಗುಗಳು ಸವೆದಿವೆ. ಮೆಕ್ಯಾನಿಕ್ ಬಳಿ ಕಂಪ್ರೆಷನ್ ಗೇಜು ಇದ್ದರೆ ಇನ್ನೂ ಒಳ್ಳೆಯದು. ನಾಲ್ಕು ಸಿಲಿಂಡರುಗಳ ಒತ್ತಡದಲ್ಲಿ ತೀರ ವ್ಯತ್ಯಾಸವಿದ್ದರೆ, ಎಲ್ಲದರಲ್ಲೂ ಸಮನಾಗಿ ಕಡಿಮೆಯಿರುವುದಕ್ಕಿಂತ ಅದು ಹೆಚ್ಚು ಕೆಟ್ಟ ಸೂಚನೆ.

ನಾಲ್ಕು ಚಕ್ರದ ಚಾಲನೆ: ಈ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಆದ್ದರಿಂದ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಗೇರುಗಳು ಬಿಗಿದುಕೊಂಡು ಹಾನಿಯಾಗುತ್ತದೆ. ಪರೀಕ್ಷೆಯನ್ನು ಮಣ್ಣು ಅಥವಾ ಜಲ್ಲಿಯ ಮೇಲೆ ಮಾಡಿ. ಲೋ ಗೇರಿನಲ್ಲಿ ಏರು ಹತ್ತಿಸಿ, ಲಿವರ್ ತಾನಾಗಿ ಬಿಟ್ಟುಕೊಳ್ಳುತ್ತದೆಯೇ ನೋಡಿ. ಎಳೆಯುವ ಬಲವನ್ನು ಹೆಚ್ಚಿಸುವ ಈ ಲೋ ಗೇರು ಇಲ್ಲದಿದ್ದರೆ ಜೀಪು ಕೊಂಡು ಫಲವಿಲ್ಲ.

ಸ್ಟಿಯರಿಂಗ್ ಮತ್ತು ಬ್ರೇಕು: ಮುಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟವಿದ್ದರೆ ಚಕ್ರದ ಬೇರಿಂಗ್ ಅಥವಾ ಕಿಂಗ್‌ಪಿನ್ ಸವೆದಿದೆ. 3 ಮತ್ತು 9ರ ಜಾಗದಲ್ಲಿ ಆಟವಿದ್ದರೆ ಸ್ಟಿಯರಿಂಗ್ ಕೀಲುಗಳನ್ನು ನೋಡಬೇಕು. ಬ್ರೇಕಿನ ಉಕ್ಕಿನ ಕೊಳವೆಗಳ ತುಕ್ಕನ್ನು ಬೆರಳಿನಿಂದ ಸವರಿ ಪರೀಕ್ಷಿಸಿ. ಹಳೆಯ ಜೀಪುಗಳ ಕೆಲವು ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಮಾರ್ಗವಿರುತ್ತದೆ. ಒಂದು ಕಡೆ ಕೊಳವೆ ಒಡೆದರೂ ಪೂರ್ತಿ ಬ್ರೇಕು ಹೋಗುತ್ತದೆ. ಈ ಕೊಳವೆಗಳನ್ನು ಬದಲಿಸಲು ಹಿಂದೆಮುಂದೆ ನೋಡಬೇಡಿ.

ಕಾಗದಪತ್ರವೂ ಒಂದು ಬಿಡಿಭಾಗ

ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ. ಆಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿದೆ. ನಮ್ಮ ಎರಡೂ ವಾಹನಗಳು ಈ ವಯಸ್ಸು ದಾಟಿದವು, ಆರ್‌.ಸಿ. ಯಾವಾಗಿನವರೆಗೆ ಊರ್ಜಿತ, ಸಾಲದ ನಮೂದು ಉಳಿದಿದೆಯೇ, ಬೇರೆ ರಾಜ್ಯದ ಗಾಡಿಯಾದರೆ ಎನ್‌.ಒ.ಸಿ. ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿ.

ಇಲ್ಲಿ ಚಾಸಿಸ್‌ನ ಮಹತ್ವ ಮತ್ತೊಮ್ಮೆ ಎದುರಾಗುತ್ತದೆ. ಸಾರಿಗೆ ಕಚೇರಿಯ ಅನುಮತಿ ಪಡೆದು ಇಂಜಿನ್ ಬದಲಿಸಿ ಹೊಸ ನಂಬರನ್ನು ಆರ್‌.ಸಿ.ಯಲ್ಲಿ ನಮೂದಿಸಬಹುದು. ಚಾಸಿಸ್ ನಂಬರ್ ಕೊರೆದಿರುವುದು ಚೌಕಟ್ಟಿನ ಮೇಲೆಯೇ. ಕಾನೂನಿನ ಕಣ್ಣಿನಲ್ಲಿ ವಾಹನದ ಗುರುತು ಅದು. ಆ ಜಾಗವೇ ತುಕ್ಕಿಗೆ ಬಲಿಯಾಗಿ ನಂಬರ್ ಓದಲು ಬಾರದಿದ್ದರೆ ಅಥವಾ ಅಲ್ಲಿ ಬೆಸುಗೆಯ ಗುರುತಿದ್ದರೆ, ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ನವೀಕರಣದ ದಿನ ತೊಂದರೆ ತಪ್ಪಿದ್ದಲ್ಲ. ನಂಬರನ್ನು ಪೆನ್ಸಿಲ್ಲಿನಿಂದ ಕಾಗದಕ್ಕೆ ಉಜ್ಜಿ ತೆಗೆದು ಆರ್‌.ಸಿ.ಯೊಡನೆ ಹೋಲಿಸಿ.

ಹಣದ ಲೆಕ್ಕ

ಕೊಂಡ ಬೆಲೆಯೇ ಕೊನೆಯ ಬೆಲೆಯಲ್ಲ. ಲೆಕ್ಕದ ಅನುಕೂಲಕ್ಕಾಗಿ ಎರಡರ ಬೆಲೆಯೂ ಎರಡೂವರೆ ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಜೀಪಿನ ಇಂಜಿನ್, ಗೇರ್‌ಬಾಕ್ಸ್ ಕೆಲಸಕ್ಕೆ ಮೆಕ್ಯಾನಿಕ್ ಒಂದು ಲಕ್ಷ ಹೇಳಿದರೆ, ಕಾಲುಭಾಗ ಹೆಚ್ಚೇ ಸೇರಿಸಿದರೂ ಒಟ್ಟು ಮೂರು ಮುಕ್ಕಾಲು ಲಕ್ಷ. ಅಲ್ಲಿಗೆ ಲೆಕ್ಕ ಒಂದು ಹಂತಕ್ಕೆ ಮುಗಿಯುತ್ತದೆ. ಜಿಪ್ಸಿಯ ನೆಲದ ತಗಡಿಗೆ ಅರ್ಧ ಲಕ್ಷ ಹಿಡಿದರೂ ಚಾಸಿಸ್‌ಗೆ ಎಷ್ಟೆಂದು ಬಿಚ್ಚುವವರೆಗೆ ಯಾರೂ ಹೇಳಲಾರರು. ಒಂದು ಕಡೆ ಕತ್ತರಿಸಿದಾಗ ಪಕ್ಕದ್ದೂ ತೆಳುವಾಗಿರುವುದು ಕಾಣುತ್ತದೆ. ತೆಳು ಉಕ್ಕಿಗೆ ಬೆಸುಗೆ ನಿಲ್ಲುವುದಿಲ್ಲ. ದೊಡ್ಡ ಖರ್ಚಿಗಿಂತ ಹೆಚ್ಚು ಹೆದರಬೇಕಾದದ್ದು ಕೊನೆಯಿಲ್ಲದ ಖರ್ಚಿಗೆ.

ಇಂಧನವನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರಿಂದ ದೇಶದಾದ್ಯಂತ ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. ಎಥನಾಲ್‌ನ ಶಕ್ತಿ ಲೀಟರಿಗೆ ಪೆಟ್ರೋಲಿನ ಸುಮಾರು ಮೂರನೆಯ ಎರಡು ಪಾಲು. ಕಾರ್ಬ್ಯುರೇಟರಿನ ಹಳೆಯ ಜಿಪ್ಸಿಗೆ ಈ ಮಿಶ್ರಣಕ್ಕೆ ತಾನಾಗಿ ಹೊಂದಿಕೊಳ್ಳುವ ಬುದ್ಧಿಯಿಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೆಯ ರಬ್ಬರ್ ಕೊಳವೆ, ಗ್ಯಾಸ್ಕೆಟ್‌ಗಳು ಬೇಗ ಹಾಳಾಗಬಹುದು. ಕೊಂಡರೆ ಅವನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿಕೊಳ್ಳಿ.

ಹಾಗಾದರೆ ಯಾವುದು?

ಯಾವುದೇ ದೋಷ ಕಂಡಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕೆಟ್ಟ ಭಾಗವನ್ನು ಬಿಚ್ಚಿ ಬದಲಿಸಬಹುದೇ? ಗಾಡಿ ನಿಂತಿರುವಾಗಲೂ ದೋಷ ಬೆಳೆಯುತ್ತದೆಯೇ? ಎಚ್ಚರಿಕೆ ಕೊಡದೆ ಅದು ಪ್ರಾಣಕ್ಕೆ ಎರವಾಗಬಲ್ಲದೇ? ನಿಮ್ಮ ಪೇಟೆಯಲ್ಲೇ ಅದನ್ನು ಸರಿಮಾಡುವ ಕೈಗಳಿವೆಯೇ? ಇಂಜಿನ್ನಿನ ಸವೆತಕ್ಕೆ ಈ ನಾಲ್ಕೂ ಉತ್ತರಗಳು ಅನುಕೂಲವಾಗಿ ಬರುತ್ತವೆ. ಚಾಸಿಸ್‌ನ ತುಕ್ಕಿಗೆ ಬಹುತೇಕ ಪ್ರತಿಕೂಲ. ಆದ್ದರಿಂದ ನಮ್ಮ ಉದಾಹರಣೆಯಲ್ಲಿ ಹೊಗೆಯುಗುಳುವ ಜೀಪೇ ಜಾಣ ಆಯ್ಕೆ. ರಿಪೇರಿಯ ಅಂದಾಜು ಪಟ್ಟಿಯನ್ನು ಮುಂದಿಟ್ಟು ಬೆಲೆ ಇಳಿಸಲೂ ಹೊಗೆಯೇ ನಿಮಗೆ ನೆರವಾಗುತ್ತದೆ.

ಆದರೆ ಇದು ಜಿಪ್ಸಿಯ ವಿರುದ್ಧದ ತೀರ್ಪಲ್ಲ. ಸುತ್ತಿಗೆಯ ಪರೀಕ್ಷೆಯಲ್ಲಿ ಚಾಸಿಸ್ ಗಟ್ಟಿಯಾಗಿ ನುಡಿದು, ತುಕ್ಕು ನೆಲದ ತಗಡು, ಬಾಗಿಲಿನ ಅಂಚುಗಳಿಗೆ ಸೀಮಿತವಾಗಿದ್ದರೆ ತಕ್ಕಡಿ ಅದರ ಕಡೆಗೇ ವಾಲುತ್ತದೆ. ತಗಡು ಬಿಚ್ಚಿ ಬದಲಿಸಬಹುದಾದ ವಸ್ತು; ಒಳ್ಳೆಯ ಇಂಜಿನ್ ಉಳಿತಾಯ. ಹಾಗೆಯೇ ಜೀಪಿನ ಇಂಜಿನ್ ಬ್ಲಾಕ್ ಬಿರುಕು ಬಿಟ್ಟಿದ್ದರೆ ಅಥವಾ ಹಿಂದೆ ಉರುಳಿಬಿದ್ದು ಚಾಸಿಸ್ ಸೊಟ್ಟಗಾಗಿದ್ದರೆ ಅದನ್ನೂ ಬಿಟ್ಟುಬಿಡಿ. ಎರಡೂ ಸೋತರೆ ಮೂರನೆಯದನ್ನು ಹುಡುಕುವುದರಲ್ಲಿ ನಷ್ಟವೇನೂ ಇಲ್ಲ.

ಯಾವುದನ್ನು ತಂದರೂ ಮೊದಲ ಮಳೆಗಾಲಕ್ಕೆ ಮುನ್ನ ಅಡಿಭಾಗವನ್ನು ತೊಳೆದು ಒಣಗಿಸಿ. ಚಾಸಿಸ್‌ನ ನೀರು ಹೋಗುವ ತೂತುಗಳನ್ನು ಬಿಡಿಸಿ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಚೊಗರು ತಾಗಿ ಕಪ್ಪಾಗುವುದನ್ನು ನೋಡಿರುತ್ತೀರಿ. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಉಂಟಾಗುವ ಕಪ್ಪು ಪದರ ಅದು. ಅಂಗಡಿಯಲ್ಲಿ ಸಿಗುವ ಹಲವು ತುಕ್ಕು ಪರಿವರ್ತಕಗಳು ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದು ಅದನ್ನು ಬಳಿದು, ಮೇಲೆ ಪ್ರೈಮರ್, ಬಣ್ಣ ಕೊಡಿ. ಪೆಟ್ಟಿಗೆಯಾಕಾರದ ಚಾಸಿಸ್‌ನ ಒಳಕ್ಕೆ ಮೇಣದ ಲೇಪ ಸಿಂಪಡಿಸಿ. ಸುಟ್ಟ ಇಂಜಿನ್ ಆಯಿಲ್ ಬಳಿಯುವ ಹಳೆಯ ರೂಢಿ ಬೇಡ. ಅದು ರಬ್ಬರ್ ಬುಶ್‌ಗಳನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ನಿಮ್ಮ ತೋಟದ ಮಣ್ಣು, ನೀರನ್ನೂ ಸೇರುತ್ತದೆ.

ಗಾಡಿ ನೋಡಲು ಹೋದಾಗ ಮಾರುವವರು ಮೊದಲು ಇಂಜಿನ್ ಚಾಲೂ ಮಾಡಿ ತೋರಿಸುತ್ತಾರೆ. ನೀವು ಮೊದಲು ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಹೋಗಿ.